ಜೈಲಿನಿಂದ ಬಂದವರು ನಮ್ಮ ಸಂಘದ ಸಮಿತಿಗೆ ನಿಲ್ಲಬಹುದಾ? ಬೈಲಾ, ಚುನಾವಣೆ, ಹಣದ ಬಗ್ಗೆ ಸಲಹೆ ಬೇಕು

ಹೊಸ ಕಾರ್ಯದರ್ಶಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ಇಲ್ಲಿ ಕೈದಿಗಳಿಗಾಗಿ ಕೆಲಸ ಮಾಡುವ ಒಂದು ಸಂಘ ಇದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ 1998ರಲ್ಲಿ ನೋಂದಣಿ ಆಗಿದ್ದು. ವಾರಕ್ಕೆ ಎರಡು ದಿನ ನಮ್ಮವರು ಜೈಲಿಗೆ ಹೋಗುತ್ತಾರೆ. ವಕೀಲರಿಲ್ಲದವರ ಹೆಸರು ಬರೆದುಕೊಂಡು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕೊಡುತ್ತೇವೆ. ಜಾಮೀನು ಆಗಿಯೂ ಶ್ಯೂರಿಟಿ (ಹೊಣೆ ನಿಲ್ಲುವವರು) ಸಿಗದೆ ಒಳಗೇ ಕೂತವರ ಮನೆಗೆ ಸುದ್ದಿ ಮುಟ್ಟಿಸುತ್ತೇವೆ. ಬಿಡುಗಡೆಯಾಗಿ ಬಂದವರಿಗೆ ಬಸ್ ಚಾರ್ಜು, ಬಟ್ಟೆ, ಆಧಾರ್ ಕಾರ್ಡಿನ ಓಡಾಟ, ಎಲ್ಲಾದರೂ ಒಂದು ಕೆಲಸ. ಹಣ ಕಡಿಮೆ, ಕೆಲಸ ಜಾಸ್ತಿ.

ಆರು ತಿಂಗಳ ಹಿಂದೆ ಹಿಂದಿನ ಕಾರ್ಯದರ್ಶಿಯವರಿಗೆ ಹುಷಾರು ತಪ್ಪಿತು. ಸಮಿತಿಯವರು ನನ್ನನ್ನು ಆ ಜಾಗಕ್ಕೆ ಕೂರಿಸಿದರು. ಬೀರು ತೆಗೆದು ನೋಡಿದೆ. ನಡಾವಳಿ ಪುಸ್ತಕದಲ್ಲಿ ಎರಡು ವರ್ಷದಿಂದ ಸರ್ವಸದಸ್ಯರ ಸಭೆಯೇ ಇಲ್ಲ. ಸದಸ್ಯರ ಪುಸ್ತಕದಲ್ಲಿ 64 ಹೆಸರು ಇವೆ. ಅದರಲ್ಲಿ 9 ಜನ ತೀರಿಕೊಂಡಿದ್ದಾರೆ. ಸಂಘ ಹುಟ್ಟಿದಾಗಿನಿಂದ ಅಧ್ಯಕ್ಷರು ಒಬ್ಬರೇ. ಅವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಅವರು ಮನೆ ಮಠ ಬಿಟ್ಟು ಓಡಾಡಿರದಿದ್ದರೆ ಈ ಸಂಘವೇ ಇರುತ್ತಿರಲಿಲ್ಲ. ಕಚೇರಿ ಇರುವುದೂ ಅವರ ಕಟ್ಟಡದಲ್ಲೇ. ತಿಂಗಳು ತಿಂಗಳು ಬಾಡಿಗೆ ಕೊಡುತ್ತೇವೆ.

ಈಗ ವಿಷಯಕ್ಕೆ ಬರುತ್ತೇನೆ. ಆರು ವರ್ಷದಿಂದ ನಮ್ಮ ಜೊತೆ ಒಬ್ಬರು ಕೆಲಸ ಮಾಡುತ್ತಿದ್ದಾರೆ. ಕೊಲೆ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಗಿ, ಸನ್ನಡತೆ ಆಧಾರದ ಮೇಲೆ ಬಿಡುಗಡೆಯಾದವರು. ಸಂಘದ ಸದಸ್ಯರೂ ಹೌದು, ಪ್ರತಿವರ್ಷ ಚಂದಾ ಕಟ್ಟಿದ್ದಾರೆ. ಜೈಲಿನಿಂದ ಹೊರಬಂದವರನ್ನು ಬಸ್ ಸ್ಟ್ಯಾಂಡಿನಲ್ಲಿ ಕಂಡು ಮಾತಾಡಿಸಿ, ಮನೆಯವರು ಸೇರಿಸಿಕೊಳ್ಳದಿದ್ದರೆ ತನ್ನ ರೂಮಿಗೇ ಕರೆದುಕೊಂಡು ಹೋಗಿ ಊಟ ಹಾಕುವವರು ಅವರು. ಈ ಸಲ ಕಾರ್ಯಕಾರಿ ಸಮಿತಿಗೆ ನಿಲ್ಲುತ್ತೇನೆ ಅಂದರು. ಅಧ್ಯಕ್ಷರು ಬೈಲಾ, ಅಂದರೆ ಸಂಘದ ನಿಯಮಾವಳಿ, ತೆಗೆದು ಓದಿದರು: ಯಾವುದೇ ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದವರು ಸಮಿತಿಗೆ ಸ್ಪರ್ಧಿಸುವಂತಿಲ್ಲ.

ಅವರು ಏನೂ ಮಾತಾಡಲಿಲ್ಲ. ಎದ್ದು ಹೋಗಿ ಎಲ್ಲರಿಗೂ ಚಹಾ ತಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಳೇ ಸದಸ್ಯರನ್ನು ಕೇಳಿದೆ. ಆ ಕಾಲದಲ್ಲಿ ಟೈಪಿಂಗ್ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿದ್ದ ಮಾದರಿ ಬೈಲಾವನ್ನು ತಂದು, ಸಂಘದ ಹೆಸರು ತುಂಬಿ ಸಲ್ಲಿಸಿದ್ದರಂತೆ. ಅದೇ ಬೈಲಾದಲ್ಲಿ ವಾಚನಾಲಯ ನಡೆಸುವುದು, ಕ್ರೀಡಾಕೂಟ ಏರ್ಪಡಿಸುವುದು ಅಂತಲೂ ಇದೆ! ಕೈದಿಗಳಿಗಾಗಿ ಹುಟ್ಟಿದ ಸಂಘಕ್ಕೆ, ಕೈದಿಯಾಗಿದ್ದವರು ಬೇಡ ಅನ್ನುವ ಕಲಂ ಯಾರೂ ಯೋಚಿಸದೆ ಬಂದು ಸೇರಿದೆ.

ಇನ್ನೊಂದು ವಿಷಯ. ಬಿಡುಗಡೆಯಾದವರಿಗೆ ಒಂದು ತಂಗುಮನೆ ಮಾಡಲು ವಿದೇಶದ ದಾನಿಯೊಬ್ಬರು ಹಣ ಕೊಡಲು ಮುಂದೆ ಬಂದಿದ್ದಾರೆ. ಆ ಹಣ ಬರಬೇಕಾದರೆ ಏನೇನು ಬೇಕು ಅಂತಲೂ ಗೊತ್ತಿಲ್ಲ.

ಎಲ್ಲಿಂದ ಶುರು ಮಾಡಲಿ?

ಲೆಕ್ಕದ ಮನೆ · ಭಾನುವಾರ ರಾತ್ರಿ

ಮೇಡಂ, ನಾನು ಹುಬ್ಬಳ್ಳಿಯಲ್ಲಿ ಸಿಎ. ಇಂಥ ಸಣ್ಣ ಸಂಘಗಳ ಆಡಿಟ್ ಮಾಡುತ್ತೇನೆ. ಬೈಲಾ ತಿದ್ದುವ ಮಾತು ಆಮೇಲೆ. ಮೊದಲು ಸರ್ವಸದಸ್ಯರ ಸಭೆ ಕರೆಯಿರಿ. 1960ರ ಕಾಯ್ದೆ ಪ್ರಕಾರ ವರ್ಷಕ್ಕೊಂದು ಸಭೆ ಆಗಲೇಬೇಕು, ಎರಡು ಸಭೆಗಳ ನಡುವೆ 15 ತಿಂಗಳಿಗಿಂತ ಜಾಸ್ತಿ ಅಂತರ ಇರುವಂತಿಲ್ಲ. ಸಭೆ ಆದ 14 ದಿನದೊಳಗೆ ಸಮಿತಿ ಸದಸ್ಯರ ಪಟ್ಟಿ, ಆಡಿಟ್ ಆದ ಲೆಕ್ಕಪತ್ರ ಎಲ್ಲ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ ಈ ಕೆಲಸ ಸಹಕಾರ ಇಲಾಖೆಯವರ ಕೈಯಲ್ಲಿದೆ. ಎರಡು ವರ್ಷದ್ದು ಬಾಕಿ ಇದ್ದರೆ ಅದನ್ನು ದಂಡ ಸಮೇತ ಕಟ್ಟಿ ಸರಿಮಾಡಿಸಿಕೊಳ್ಳಿ. ಹಳೆಯದು ಬಾಕಿ ಇಟ್ಟುಕೊಂಡು ತಿದ್ದುಪಡಿ ಅರ್ಜಿ ಹಿಡಿದು ಹೋದರೆ ಆ ಫೈಲು ಮುಂದೆ ಹೋಗುವುದಿಲ್ಲ.

ಸದಸ್ಯರ ಪುಸ್ತಕದಲ್ಲಿ ತೀರಿಕೊಂಡವರ ಹೆಸರನ್ನು ಸಮಿತಿಯಲ್ಲಿ ಠರಾವು ಮಾಡಿ ತೆಗೆಯಿರಿ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿಯ ಲೆಕ್ಕ, ಅದರ ಮೇಲೆ ನಿಂತಿದೆ. ಚಂದಾ ಬಾಕಿ ಇರುವವರಿಗೆ ಮತ ಇದೆಯೋ ಇಲ್ಲವೋ ಅಂತ ಬೈಲಾ ನೋಡಿ. ಸಭೆಯ ದಿನ ಬಾಗಿಲಲ್ಲಿ ಆ ಜಗಳ ಶುರುವಾಗಬಾರದು.

ಬಾಡಿಗೆ ವಿಷಯ ಓದಿ ಸ್ವಲ್ಪ ಗಾಬರಿಯಾಯಿತು. ಪದಾಧಿಕಾರಿಯ ಕಟ್ಟಡಕ್ಕೆ ಬಾಡಿಗೆ ಕೊಡುವುದು ತಪ್ಪಲ್ಲ. ಆದರೆ ಊರಿನ ದರಕ್ಕಿಂತ ಜಾಸ್ತಿ ಇದ್ದರೆ ಆದಾಯ ತೆರಿಗೆಯವರು ತಕರಾರು ತೆಗೆಯಬಹುದು. ಅದೇ ಬೀದಿಯಲ್ಲಿ ಎರಡು ಕಡೆ ದರ ಕೇಳಿ ಫೈಲಿನಲ್ಲಿಡಿ. ಬಾಡಿಗೆ ಠರಾವು ಬರುವಾಗ ಅಧ್ಯಕ್ಷರು ಹೊರಗೆ ಹೋಗಲಿ, ಅವರು ಹೊರಗೆ ಹೋದರು ಅಂತ ನಡಾವಳಿಯಲ್ಲಿ ಬರೆಯಿರಿ. ಇದು ಅವರ ಮರ್ಯಾದೆ ಕಾಪಾಡುವುದಕ್ಕೂ ಬೇಕು.

ವಿದೇಶಿ ಹಣದ್ದು ನಾಳೆ ಬರೆಯುತ್ತೇನೆ. ಅದು ನಿಮ್ಮ ಮೊದಲನೇ ಪ್ರಶ್ನೆಗೇ ಬಂದು ತಾಗುತ್ತದೆ.

ಹಳೇ ಜೈಲರ್ · ಸೋಮವಾರ ಬೆಳಿಗ್ಗೆ

ನಾನು ಬಂದೀಖಾನೆ ಇಲಾಖೆಯಲ್ಲಿ 31 ವರ್ಷ ಇದ್ದವನು. ನನ್ನ ಮಾತು ಕೆಲವರಿಗೆ ಹಿಡಿಸದೇ ಇರಬಹುದು.

ನಿಮ್ಮ ಅಧ್ಯಕ್ಷರ ಭಯ ಸುಳ್ಳಲ್ಲ. ನಾನು ಕೆಲಸ ಮಾಡಿದ ಒಂದು ಜೈಲಿಗೆ ಒಂದು ಸಂಘದವರು ಬರುತ್ತಿದ್ದರು. ಅವರ ಜೊತೆ ಬಿಡುಗಡೆಯಾದ ಒಬ್ಬ ಬರಲು ಶುರು ಮಾಡಿದ. ನಾಲ್ಕು ತಿಂಗಳಾದ ಮೇಲೆ ಗೊತ್ತಾಯಿತು, ಒಳಗಿನ ಹಳೇ ಗ್ಯಾಂಗಿನವರ ಸುದ್ದಿ ಹೊರಗೆ, ಹೊರಗಿನದು ಒಳಗೆ ದಾಟಿಸುತ್ತಿದ್ದ. ಅವನನ್ನು ಹೆದರಿಸಿ ಮಾಡಿಸಿದ್ದರು ಅನ್ನುವುದೂ ನಿಜ. ಆದರೆ ಒಂದು ವರ್ಷ ಆ ಸಂಘಕ್ಕೆ ಗೇಟು ಮುಚ್ಚಿತು. ಆ ವರ್ಷ ಶ್ಯೂರಿಟಿ ಇಲ್ಲದೆ ಒಳಗೆ ಕೂತವರ ಮನೆಗೆ ಫೋನ್ ಮಾಡುವವರೇ ಇರಲಿಲ್ಲ. ನಷ್ಟ ಆಗಿದ್ದು ಅವರಿಗೆ.

ಜೈಲಿಗೆ ಹೋಗುವ ಅನುಮತಿ ನಿಮ್ಮ ಹಕ್ಕಲ್ಲ ಮೇಡಂ. ಸೂಪರಿಂಟೆಂಡೆಂಟ್ ಬದಲಾದರೆ ಅದೂ ಬದಲಾಗುತ್ತದೆ. ಒಬ್ಬರಿಗೆ ನ್ಯಾಯ ಮಾಡಲು ಹೋಗಿ ನಾನೂರು ಜನರ ಬಾಗಿಲು ಮುಚ್ಚಬೇಡಿ.

ಮಲೆನಾಡ ಮಳೆ · ಸೋಮವಾರ ಬೆಳಿಗ್ಗೆ

ಸರ್, ನೀವು ಹೇಳಿದ್ದು ಜೈಲಿನ ಒಳಗೆ ಯಾರು ಹೋಗಬೇಕು ಅನ್ನುವ ಮಾತು. ಮೇಡಂ ಕೇಳಿದ್ದು ಸಮಿತಿಯಲ್ಲಿ ಯಾರು ಕೂರಬೇಕು ಅಂತ. ಇವೆರಡೂ ಬೇರೆ ಬೇರೆ ಅಲ್ವಾ? ಸಮಿತಿ ಸೇರುವುದು ಕಚೇರಿಯಲ್ಲಿ.

ಹಳೇ ಜೈಲರ್ · ಸೋಮವಾರ ಮಧ್ಯಾಹ್ನ

ಹೌದಮ್ಮ, ಆ ವ್ಯತ್ಯಾಸ ಒಪ್ಪುತ್ತೇನೆ. ಹಾಗಿದ್ದರೆ ಬೈಲಾದಲ್ಲೇ ಅದನ್ನು ಬೇರೆ ಮಾಡಿ. ಜೈಲು ಭೇಟಿಯ ಪಟ್ಟಿ ಬೇರೆ, ಅದಕ್ಕೆ ಇಲಾಖೆಯ ಒಪ್ಪಿಗೆ. ಸಮಿತಿ ಬೇರೆ, ಅದಕ್ಕೆ ಸದಸ್ಯರ ಮತ. ಹಾಗೆ ಬರೆದರೆ ಇಲಾಖೆಗೆ ತಕರಾರು ಇರಲಾರದು.

ಕೋರ್ಟ್ ಕಟ್ಟೆ · ಸೋಮವಾರ ಸಂಜೆ

ಮೈಸೂರಿನಲ್ಲಿ ವಕೀಲೆ. ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಸಮಿತಿಯಲ್ಲಿ ಈಗ ಎಷ್ಟು ಜನ ವಕೀಲರಿದ್ದಾರೆ ಮೇಡಂ?

ಕೇಳುವುದಕ್ಕೆ ಕಾರಣ ಇದೆ. ಶಿಕ್ಷೆಯಾದವನು ಸಮಿತಿಗೆ ಬಂದರೆ ಅಪಾಯ ಅನ್ನುತ್ತೇವೆ. ಜೈಲಿನಲ್ಲಿ ಹೆಸರು ಬರೆದುಕೊಂಡು ಬಂದು, ಸಂಜೆ ಅದೇ ಕೈದಿಯ ಅಣ್ಣನಿಗೆ ಫೋನ್ ಮಾಡಿ, ವಕಾಲತ್ತಿಗೆ ಸಹಿ ಹಾಕಿಸಿ, ಫೀಸು ಮಾತಾಡುವ ಸಮಿತಿ ಸದಸ್ಯನಿಂದ ಅದಕ್ಕಿಂತ ದೊಡ್ಡ ಅಪಾಯ ಇದೆ. ನಾನು ಕಣ್ಣಾರೆ ನೋಡಿದ್ದೇನೆ. ಕಕ್ಷಿದಾರರನ್ನು ಹುಡುಕಿಕೊಂಡು ಹೋಗಿ ಕೇಸು ಹಿಡಿಯುವುದು ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರವೇ ತಪ್ಪು. ಸಂಘದ ಹೆಸರಿನಲ್ಲಿ ಮಾಡಿದರೆ ಸಂಘಕ್ಕೂ ಮಸಿ.

ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ ಪ್ರಕಾರ, ಕಸ್ಟಡಿಯಲ್ಲಿರುವವರಿಗೆ ವಕೀಲರ ನೆರವು ಉಚಿತ. ಕೈದಿಗೆ ಇದು ಗೊತ್ತಿರುವುದಿಲ್ಲ. ಗೊತ್ತು ಮಾಡಿಸುವುದೇ ನಿಮ್ಮ ಸಂಘದ ಕೆಲಸ. ಅದನ್ನು ಹೇಳದೆ ತನ್ನ ಚೀಟಿ ಕೊಡುವವನು ಸಮಿತಿಯಲ್ಲಿ ಇರಬಾರದು. ಬೈಲಾ ತಿದ್ದುವಾಗ ಒಂದು ಸಾಲು ಹಾಕಿ: ಸಂಘದ ಮೂಲಕ ಪರಿಚಯವಾದ ಕೈದಿಯ ಕೇಸನ್ನು ಸಮಿತಿಯ ಯಾವ ಸದಸ್ಯರೂ ಹಣ ಪಡೆದು ನಡೆಸುವಂತಿಲ್ಲ.

ಹೊಸ ಕಾರ್ಯದರ್ಶಿ · ಸೋಮವಾರ ರಾತ್ರಿ

ಹನ್ನೊಂದು ಜನರ ಸಮಿತಿಯಲ್ಲಿ ನಾಲ್ವರು ವಕೀಲರು. ಇಬ್ಬರ ಬಗ್ಗೆ ಇಂಥ ಮಾತು ನನ್ನ ಕಿವಿಗೂ ಬಿದ್ದಿತ್ತು. ಸುಮ್ನೆ ಇದ್ದೆ. ಇನ್ನು ಸುಮ್ಮನಿರುವುದಿಲ್ಲ.

ಮಲೆನಾಡ ಮಳೆ · ಸೋಮವಾರ ರಾತ್ರಿ

ನಮ್ಮ ಊರಿನ ಸಂಘದ ಲೆಟರ್‌ಹೆಡ್ಡಿನಲ್ಲಿ ಗೌರವಾಧ್ಯಕ್ಷರು ಅಂತ ಪೊಲೀಸ್ ವರಿಷ್ಠಾಧಿಕಾರಿಯವರ ಹುದ್ದೆ ಅಚ್ಚಾಗಿತ್ತು. ಸರ್ಕಾರಿ ಕಚೇರಿಯಲ್ಲಿ ಕೆಲಸ ಬೇಗ ಆಗಲಿ ಅಂತ ಮಾಡಿದ್ದು. ಒಬ್ಬ ಹುಡುಗ, 19 ವರ್ಷದವನು, ಠಾಣೆಯಲ್ಲಿ ಹೊಡೆದಿದ್ದನ್ನು ಹೇಳಲು ಬಾಯಿ ತೆಗೆದ. ಮೇಜಿನ ಮೇಲಿದ್ದ ಆ ಕಾಗದ ನೋಡಿದ. ಮತ್ತೆ ಮಾತೇ ಆಡಲಿಲ್ಲ. ನಾವು ಆ ಸ್ಥಾನ ತೆಗೆಯಲು ಎರಡು ವರ್ಷ ಹಿಡಿಯಿತು. ನಿಮ್ಮ ಬೈಲಾದಲ್ಲಿ ಹುದ್ದೆಯ ಮೇಲೆ ಯಾರಾದರೂ ಒಳಗೆ ಬರುವ ಕಲಂ ಇದೆಯಾ ನೋಡಿಕೊಳ್ಳಿ ಅಕ್ಕಾ.

ಲೆಕ್ಕದ ಮನೆ · ಮಂಗಳವಾರ ಬೆಳಿಗ್ಗೆ

ವಿದೇಶಿ ಹಣದ ವಿಷಯ. ಇದನ್ನು ನಿಧಾನವಾಗಿ ಓದಿ.

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010, ಅಂದರೆ ಎಫ್‌ಸಿಆರ್‌ಎ. ನೋಂದಣಿ ಬೇಕಾದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಹಿಂದಿನ ಮೂರು ವರ್ಷದಲ್ಲಿ ಉದ್ದೇಶದ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಅಷ್ಟಿಲ್ಲದಿದ್ದರೆ, ಒಬ್ಬ ದಾನಿಯ ಹಣಕ್ಕೆ ಮಾತ್ರ ಮುಂಚಿತ ಅನುಮತಿ ಕೇಳುವ ದಾರಿ ಇದೆ. ಹಣ ಬರುವುದು ಸ್ಟೇಟ್ ಬ್ಯಾಂಕಿನ ದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. 2020ರ ತಿದ್ದುಪಡಿ ಆದ ಮೇಲೆ ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ. ಮೊದಲು ಶೇ 50 ಇತ್ತು. ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತೆಯೂ ಇಲ್ಲ.

ಇದೆಲ್ಲ ಕಾಗದದ ಕೆಲಸ, ಮಾಡಬಹುದು. ಕಷ್ಟ ಇರುವುದು 12ನೇ ಸೆಕ್ಷನ್‌ನಲ್ಲಿ. ಸಂಸ್ಥೆಯ ನಿರ್ದೇಶಕರು, ಪದಾಧಿಕಾರಿಗಳಲ್ಲಿ ಯಾರಿಗೂ ಯಾವ ಕಾನೂನಿನಡಿಯೂ ಶಿಕ್ಷೆ ಆಗಿರಬಾರದು. ಯಾವ ಕ್ರಿಮಿನಲ್ ಕೇಸೂ ಬಾಕಿ ಇರಬಾರದು. ಯಾವ ಅಪರಾಧ, ಎಷ್ಟು ವರ್ಷದ ಹಿಂದೆ ಅನ್ನುವ ಭೇದ ಅಲ್ಲಿಲ್ಲ.

ಅಂದರೆ ಮೇಡಂ, ನಿಮ್ಮ ಟೈಪಿಂಗ್ ಅಂಗಡಿ ಬೈಲಾ ಏನು ಹೇಳಿತೋ, ಎಫ್‌ಸಿಆರ್‌ಎ ಕೂಡ ಅದನ್ನೇ ಹೇಳುತ್ತದೆ. ಬೈಲಾ ತಿದ್ದಿ ಅವರನ್ನು ಸಮಿತಿಗೆ ತಂದರೆ ತಂಗುಮನೆಯ ವಿದೇಶಿ ಹಣದ ಆಸೆ ಬಿಡಬೇಕಾಗುತ್ತದೆ. ಎರಡೂ ಒಟ್ಟಿಗೆ ಆಗುವ ದಾರಿ ನನಗೆ ಕಾಣುತ್ತಿಲ್ಲ.

ತುಂಗಾ ತೀರ · ಮಂಗಳವಾರ ಮಧ್ಯಾಹ್ನ

ಹಾಗಿದ್ದರೆ ಇದರಲ್ಲಿ ಯೋಚಿಸುವುದೇನಿದೆ? ತಂಗುಮನೆ ಆದರೆ ವರ್ಷಕ್ಕೆ ಎಷ್ಟು ಜನರಿಗೆ ಮಲಗಲು ಜಾಗ ಸಿಗುತ್ತದೆ! ಅವರನ್ನು ಸಲಹಾ ಸಮಿತಿಗೆ ಹಾಕಿ, ಮಾತು ಕೇಳಿ. ಮತ ಇಲ್ಲದಿದ್ದರೆ ಏನಾಯಿತು? ನಾನು ಇಂಥ ಒಂದು ಸಂಸ್ಥೆಗೆ ಪ್ರತಿವರ್ಷ ದೇಣಿಗೆ ಕೊಡುತ್ತೇನೆ. ನನ್ನ ಹಣ ಒಬ್ಬರ ಹೊಟ್ಟೆಗೆ ಹೋದರೆ ನನಗೆ ಸಮಾಧಾನ. ಸಮಿತಿಯಲ್ಲಿ ಯಾರು ಕೂತರು ಅನ್ನುವುದು ನನಗೆ ಮುಖ್ಯ ಅಲ್ಲ.

ಲೆಸ್ಟರ್ ಕನ್ನಡಿಗ · ಮಂಗಳವಾರ ರಾತ್ರಿ

ಇಂಗ್ಲೆಂಡಿನಲ್ಲಿ ಹೇಗೆ ಅಂತ ಹೇಳುತ್ತೇನೆ. ಇಲ್ಲಿ ಕೈದಿಗಳ ಜೊತೆ ಕೆಲಸ ಮಾಡುವ ಒಂದು ಚಾರಿಟಿಯಲ್ಲಿ ನಾನು ವಾರಕ್ಕೊಂದು ಸಂಜೆ ಸ್ವಯಂಸೇವಕ.

ಇಲ್ಲಿಯೂ ಟ್ರಸ್ಟಿ, ಅಂದರೆ ಚಾರಿಟಿಯ ಆಡಳಿತ ಸಮಿತಿ ಸದಸ್ಯ, ಆಗಲು ಅನರ್ಹತೆಯ ಪಟ್ಟಿ ಇದೆ. 2018ರ ಆಗಸ್ಟ್ 1ರಿಂದ ಅದನ್ನು ಇನ್ನೂ ಬಿಗಿ ಮಾಡಿದರು. ಆದರೆ ಆ ಪಟ್ಟಿ ನೋಡಿದರೆ ಒಂದು ವಿಷಯ ಗೊತ್ತಾಗುತ್ತದೆ. ಅದರಲ್ಲಿ ಜಾಸ್ತಿ ಇರುವುದು ಮೋಸ, ಲಂಚ, ಅಕ್ರಮ ಹಣ ಸಾಗಣೆ, ಸುಳ್ಳು ಸಾಕ್ಷಿ ಇಂಥವು. ಭಯೋತ್ಪಾದನೆಯೂ ಇದೆ, ಲೈಂಗಿಕ ಅಪರಾಧಿಗಳ ಪಟ್ಟಿಯಲ್ಲಿ ಇರುವವರೂ ಬರುತ್ತಾರೆ. ಕೊಲೆ ಆ ಪಟ್ಟಿಯಲ್ಲಿಲ್ಲ. ದಾನದ ಹಣವನ್ನು ಈ ಮನುಷ್ಯನ ಕೈಗೆ ಕೊಡಬಹುದಾ ಅನ್ನುವುದನ್ನೇ ಹೆಚ್ಚಾಗಿ ನೋಡುತ್ತಾರೆ. ಪಟ್ಟಿಯಲ್ಲಿ ಬಂದವರೂ ಚಾರಿಟಿಗಳ ಮೇಲ್ವಿಚಾರಣೆ ಮಾಡುವ ಚಾರಿಟಿ ಕಮಿಷನ್‌ಗೆ ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ಶಿಕ್ಷೆಯಾದವರ ಪರ ಕೆಲಸ ಮಾಡುವ ಅನ್‌ಲಾಕ್ ಅನ್ನುವ ಸಂಸ್ಥೆ ಈ ವಿಷಯದಲ್ಲಿ ಬಹಳ ಹೋರಾಡಿತು.

ಈ ದೇಶದಲ್ಲಿ ಜೈಲು ಸುಧಾರಣೆಯ ಮಾತು ಶುರು ಮಾಡಿದವರಲ್ಲಿ ಪ್ರಮುಖರು ಜಾನ್ ಹೋವರ್ಡ್. 1773ರಲ್ಲಿ ಬೆಡ್‌ಫರ್ಡ್‌ಶೈರ್‌ಗೆ ಶೆರಿಫ್, ಅಂದರೆ ಅಲ್ಲಿನ ಜೈಲಿನ ಹೊಣೆಯೂ ಇರುವ ಅಧಿಕಾರಿ, ಆದರು. ಕೋರ್ಟು ಬಿಡುಗಡೆ ಮಾಡಿದ ಮೇಲೂ ಜೈಲರ್‌ಗೆ ಕೊಡಬೇಕಾದ ಶುಲ್ಕ ಇಲ್ಲದೆ ಜನ ಒಳಗೇ ಇದ್ದದ್ದನ್ನು ಅವರು ಕಂಡರು. ಜಾಮೀನು ಆಗಿಯೂ ಶ್ಯೂರಿಟಿ ಇಲ್ಲದೆ ಕೂತವರು ಅಂತ ಮೇಡಂ ಬರೆದಿದ್ದಾರಲ್ಲ, ಓದಿದ ತಕ್ಷಣ ಅದೇ ನೆನಪಾಯಿತು. 250 ವರ್ಷ ಆಯಿತು.

ಗೋಡೆಯಾಚೆ · ಬುಧವಾರ ಬೆಳಗಿನ ಜಾವ

ನಾನು ಒಳಗಿದ್ದವನು. 14 ವರ್ಷ 3 ತಿಂಗಳು. ಹೆಸರು, ಊರು ಹೇಳುವುದಿಲ್ಲ, ಮಗಳ ಮದುವೆ ಆಗಬೇಕು.

ತುಂಗಾ ತೀರ ಸರ್, ಹೊಟ್ಟೆಗೆ ಹೋದರೆ ಸಾಕು ಅಂದಿರಿ. ನಿಮ್ಮ ಮನಸ್ಸು ಒಳ್ಳೆಯದು, ನಮಸ್ಕಾರ. ಆದರೆ ಒಂದು ಮಾತು ಕೇಳಿ.

ನಾನು ಹೊರಬಂದಾಗ ಒಂದು ಸಂಘ ನನಗೆ ಹೊಲಿಗೆ ಮಿಷಿನ್ ಕೊಟ್ಟಿತು. ಕಾರ್ಯಕ್ರಮ ಮಾಡಿ, ಫೋಟೋ ತೆಗೆದು ಕೊಟ್ಟರು. ನನಗೆ ಹೊಲಿಗೆ ಬರುವುದಿಲ್ಲ. ಒಳಗೆ ನಾನು ಬೇಕರಿಯಲ್ಲಿ ಇದ್ದೆ. ಆ ಫೋಟೋ ಪೇಪರಿನಲ್ಲಿ ಬಂತು. ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಅದನ್ನು ನೋಡಿದರು. ಮಾರನೇ ದಿನ ಮನೆ ಖಾಲಿ ಮಾಡಿಸಿದರು. ಆ ಸಮಿತಿಯಲ್ಲಿ ಎಲ್ಲರೂ ದೊಡ್ಡ ಮನಸ್ಸಿನವರೇ. ಒಬ್ಬರಾದರೂ ಒಳಗಿದ್ದು ಬಂದವರು ಇದ್ದಿದ್ದರೆ ಫೋಟೋ ಬೇಡ ಅನ್ನುತ್ತಿದ್ದರು. ಸಲಹೆ ಕೇಳುತ್ತೇವೆ ಅಂತ ಅವರೂ ಹೇಳುತ್ತಿದ್ದರು. ಕೇಳಿದ್ದು ಕಾರ್ಯಕ್ರಮ ಮುಗಿದ ಮೇಲೆ.

ಮತ ಇದ್ದರೆ ಕೇಳಲೇಬೇಕಾಗುತ್ತದೆ. ಇಲ್ಲದಿದ್ದರೆ ಪುರಸೊತ್ತು ಇದ್ದಾಗ ಕೇಳುತ್ತಾರೆ.

ಒಳಗಿದ್ದಾಗ ಕಾನೂನು ಸೇವಾ ಪ್ರಾಧಿಕಾರದವರು ನಮ್ಮಲ್ಲಿ ಕೆಲವರಿಗೆ ತರಬೇತಿ ಕೊಟ್ಟು ಪ್ಯಾರಾ ಲೀಗಲ್ ಸ್ವಯಂಸೇವಕರನ್ನಾಗಿ, ಅಂದರೆ ಕಾನೂನು ನೆರವಿಗೆ ದಾರಿ ತೋರಿಸುವವರನ್ನಾಗಿ, ಮಾಡಿದರು. ಉದ್ದ ಶಿಕ್ಷೆಯವರನ್ನೇ ಆರಿಸಿದರು. ಹೊಸದಾಗಿ ಬಂದವರ ಅರ್ಜಿ ನಾನು ಬರೆಯುತ್ತಿದ್ದೆ. ಯಾರಿಗೆ ವಕೀಲರಿಲ್ಲ, ಯಾರ ಮನೆಯಿಂದ ಯಾರೂ ಬರುವುದಿಲ್ಲ, ಎಲ್ಲ ನನಗೆ ಗೊತ್ತಿರುತ್ತಿತ್ತು. ಒಳಗೆ ಇರುವಾಗ ಸರ್ಕಾರವೇ ನನ್ನನ್ನು ನಂಬಿತು. ಹೊರಗೆ ಬಂದ ಮೇಲೆ ಒಂದು ಸಂಘದ ಕುರ್ಚಿಗೆ ನಾನು ಆಗುವುದಿಲ್ಲವಾ?

ಜೈಲರ್ ಸಾಹೇಬರೇ, ನೀವು ಹೇಳಿದ ಆ ಮನುಷ್ಯನಂಥವರು ಇದ್ದಾರೆ. ಅದಕ್ಕೇ ಹೇಳುತ್ತೇನೆ, ನಮ್ಮ ಕೈಗೆ ಚೆಕ್ ಪುಸ್ತಕ ಬೇಡ, ಜೈಲು ಪಾಸೂ ಬೇಡ. ಮತ ಕೊಡಿ, ಸಾಕು.

ಹಳೇ ಜೈಲರ್ · ಬುಧವಾರ ಬೆಳಿಗ್ಗೆ

ಓದಿದೆ. ನಿಮ್ಮಂಥ ಅರ್ಜಿ ಬರೆಯುವವರು ಇದ್ದಿದ್ದರಿಂದಲೇ ನಮ್ಮ ಬ್ಯಾರಕ್‌ಗಳು ನಡೆಯುತ್ತಿದ್ದವು. ಮೊದಲು ಹೇಳಿದ ಮಾತಿನಲ್ಲಿ ಅರ್ಧ ಹಿಂದೆ ತೆಗೆದುಕೊಳ್ಳುತ್ತೇನೆ. ಪಾಸಿನ ಮಾತು ಮಾತ್ರ ಹಾಗೇ ಇರಲಿ.

ಕಾರ್ಯದರ್ಶಿ ಮೇಡಂಗೆ ಕೆಲಸಕ್ಕೆ ಬರುವ ಎರಡು ವಿಷಯ. ಜಾಮೀನು ಆಗಿ ಏಳು ದಿನದಲ್ಲಿ ಕೈದಿ ಹೊರಗೆ ಬರದಿದ್ದರೆ ಸೂಪರಿಂಟೆಂಡೆಂಟ್ ಅದನ್ನು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡ ಕೈದಿಗಳಿಗೆ ಜಾಮೀನಿನ ಹಣಕ್ಕಾಗಿ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಲ್ಲಿ ಬಂತು. ನಿಮ್ಮ ಸಂಘ ಇವೆರಡನ್ನು ಹಿಡಿದು ಕೇಳಿದರೆ ಅರ್ಧ ಓಡಾಟ ಕಡಿಮೆ ಆಗುತ್ತದೆ.

ಕೋರ್ಟ್ ಕಟ್ಟೆ · ಬುಧವಾರ ಸಂಜೆ

ಗೋಡೆಯಾಚೆ ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ.

2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ನಾಲ್ಕು ಜನರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ತಪ್ಪು ಮಾಡಿದ್ದಾರೆ ಅಂತ ಕೋರ್ಟು ಇನ್ನೂ ಹೇಳಿರದವರು. ಇವರ ಪರವಾಗಿ ಹುಟ್ಟಿದ ಸಂಘದ ಸಮಿತಿಯಲ್ಲಿ ಇವರ ಕಡೆಯವರು ಒಬ್ಬರೂ ಇಲ್ಲ ಅಂದರೆ, ಅದು ಹಾಲು ಹಾಕುವ ರೈತರೇ ಇಲ್ಲದ ಹಾಲಿನ ಡೈರಿ ಇದ್ದಂತೆ. ನಮ್ಮ ಹಳ್ಳಿಯ ಡೈರಿಯಲ್ಲಿ ಹಾಲು ಹಾಕುವವರಿಗೇ ಮತ ಇರುವುದು.

ತಿದ್ದುಪಡಿಗೆ ನನ್ನ ಸಲಹೆ. ಶಿಕ್ಷೆಯಾದವರು ಬೇಡ ಅನ್ನುವ ಕಲಂ ಪೂರ್ತಿ ತೆಗೆಯಬೇಡಿ. ಹಣದ ಮೋಸ, ನಂಬಿಕೆ ದ್ರೋಹ, ಮಕ್ಕಳ ಮೇಲಿನ ದೌರ್ಜನ್ಯ ಇಂಥವಕ್ಕೆ ಮಿತಿಗೊಳಿಸಿ. ಉಳಿದವರು ಬಿಡುಗಡೆಯಾಗಿ ಮೂರು ವರ್ಷ ಆಗಿದ್ದರೆ, ಎರಡು ವರ್ಷ ಸದಸ್ಯರಾಗಿದ್ದರೆ ನಿಲ್ಲಬಹುದು ಅಂತ ಮಾಡಿ. ಎರಡು ಸ್ಥಾನ ಜೈಲು ಕಂಡವರಿಗೆ ಅಥವಾ ಅವರ ಮನೆಯವರಿಗೆ ಮೀಸಲಿಡಿ. ಮನೆಯವರು ಅಂತ ಯಾಕೆ ಹೇಳಿದೆ ಅಂದರೆ, ಗೇಟಿನ ಹೊರಗೆ ಬಿಸಿಲಿನಲ್ಲಿ ಕಾಯುವ ಹೆಂಗಸರಿಗೆ ಗೊತ್ತಿರುವುದು ನಮಗ್ಯಾರಿಗೂ ಗೊತ್ತಿಲ್ಲ.

ವಿದೇಶಿ ಹಣವೋ ಮತವೋ ಅನ್ನುವ ಪ್ರಶ್ನೆಯನ್ನು ಸಮಿತಿಯೇ ತೀರ್ಮಾನ ಮಾಡಿಬಿಡಬೇಡಿ ಮೇಡಂ. ಸರ್ವಸದಸ್ಯರ ಸಭೆಗೆ ಒಯ್ಯಿರಿ. ನೋಟಿಸಿನಲ್ಲಿ ಎರಡನ್ನೂ ಸ್ಪಷ್ಟವಾಗಿ ಬರೆಯಿರಿ. ತಂಗುಮನೆ ಕೈತಪ್ಪಬಹುದು ಅನ್ನುವುದನ್ನು ಮುಚ್ಚಿಡದೆ ಬರೆಯಿರಿ.

ತುಂಗಾ ತೀರ · ಬುಧವಾರ ರಾತ್ರಿ

ಗೋಡೆಯಾಚೆ ಅವರೇ, ಆ ಫೋಟೋ ವಿಷಯ ನನಗೆ ಹೊಳೆದಿರಲಿಲ್ಲ. ನಾನು ದೇಣಿಗೆ ಕೊಡುವ ಸಂಸ್ಥೆಯವರು ಪ್ರತಿವರ್ಷ ನನಗೆ ಅಂಥ ಫೋಟೋಗಳ ಪುಸ್ತಕ ಕಳಿಸುತ್ತಾರೆ. ಈ ವರ್ಷ ಬೇಡ ಅಂತ ಹೇಳುತ್ತೇನೆ. ತಂಗುಮನೆ ಬಿಡಬಾರದು ಅನ್ನುವುದು ಮಾತ್ರ ಈಗಲೂ ನನ್ನ ಅಭಿಪ್ರಾಯ. ಇಲ್ಲಿಯ ಹಣದಲ್ಲಿ ಆಗುವುದಿಲ್ಲವಾ ಲೆಕ್ಕದ ಮನೆ ಸರ್?

ಲೆಕ್ಕದ ಮನೆ · ಗುರುವಾರ ಬೆಳಿಗ್ಗೆ

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣಕ್ಕೆ ಕೇಳಬಹುದು. ಅದಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಬೇಕು, ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅರ್ಜಿ ಹಾಕಿ ನಂಬರ್ ತೆಗೆದುಕೊಳ್ಳಬೇಕು. ಕೈದಿಗಳ ಕೆಲಸ ಅಂದರೆ ಕಂಪನಿಯವರು ಹಿಂದೆ ಸರಿಯುತ್ತಾರೆ, ಇದು ನನ್ನ ಅನುಭವ. ಕೌಶಲ ತರಬೇತಿ ಅಂತ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಬೇಕರಿ ತರಬೇತಿ ಅಂತಲೇ ಹೇಳಿ, ಗೋಡೆಯಾಚೆ ಅವರು ಕಲಿಸುತ್ತಾರೆ.

ಗೋಡೆಯಾಚೆ · ಗುರುವಾರ ಬೆಳಿಗ್ಗೆ

ಕರೆದರೆ ಬರುತ್ತೇನೆ. ಬಸ್ ಚಾರ್ಜು ನನ್ನದೇ.

ಹೊಸ ಕಾರ್ಯದರ್ಶಿ · ಏಳು ವಾರದ ನಂತರ

ಎಲ್ಲರಿಗೂ ಮತ್ತೆ ನಮಸ್ಕಾರ. ಉತ್ತರ ಕೊಡಲು ತಡವಾಯಿತು. ನಮ್ಮ ಬೈಲಾದಲ್ಲಿ 21 ದಿನದ ನೋಟಿಸ್ ಕೊಡಬೇಕು ಅಂತಿದೆ. ಅದಕ್ಕೂ ಮೊದಲು ಎರಡು ವರ್ಷದ ಆಡಿಟ್ ಆಗಬೇಕಿತ್ತು. ಹೋದ ಭಾನುವಾರ ಸಭೆ ಆಯಿತು.

55 ಸದಸ್ಯರಲ್ಲಿ 41 ಜನ ಬಂದರು. ಇಷ್ಟು ಜನ ಬಂದದ್ದು ಅಧ್ಯಕ್ಷರ ನೆನಪಿನಲ್ಲೂ ಇಲ್ಲವಂತೆ. ಬಾಡಿಗೆ ವಿಷಯ ಮೊದಲು ತೆಗೆದುಕೊಂಡೆವು. ಅಧ್ಯಕ್ಷರು ತಾವಾಗಿಯೇ ಎದ್ದು ಹೊರಗೆ ಹೋಗಿ ಜಗುಲಿಯಲ್ಲಿ ಕೂತರು. ಬೀದಿಯ ದರಕ್ಕಿಂತ ನಾವು ಕೊಡುತ್ತಿದ್ದುದು ಕಡಿಮೆಯೇ ಇತ್ತು. ಇಷ್ಟು ವರ್ಷ ಅದನ್ನು ಯಾರೂ ಬರೆದಿಡದೆ, ಊರಿನಲ್ಲಿ ಅವರ ಬಗ್ಗೆ ಬೇರೆ ಮಾತು ಓಡಾಡುತ್ತಿತ್ತು. ಅದು ಓದಿದಾಗ ನನಗೆ ಗಂಟಲು ಕಟ್ಟಿತು.

ವಕೀಲರು ಸಂಘದ ಮೂಲಕ ಬಂದ ಕೇಸಿಗೆ ಹಣ ಪಡೆಯಬಾರದು ಅನ್ನುವ ಸಾಲಿಗೆ ಮುಕ್ಕಾಲು ಗಂಟೆ ವಾದ ಆಯಿತು. ಒಬ್ಬರು ರಾಜೀನಾಮೆ ಕೊಟ್ಟು ಹೋದರು. ಸಾಲು ಉಳಿಯಿತು.

ಆಮೇಲೆ ಮುಖ್ಯ ವಿಷಯ. ನೋಟಿಸಿನಲ್ಲಿ ಕೋರ್ಟ್ ಕಟ್ಟೆ ಮೇಡಂ ಹೇಳಿದ ಹಾಗೆ ಎರಡನ್ನೂ ಬರೆದಿದ್ದೆ. ಅಧ್ಯಕ್ಷರು ವಿರೋಧವಾಗಿ ಮಾತಾಡಿದರು. ತಂಗುಮನೆ ತಮ್ಮ 20 ವರ್ಷದ ಕನಸು, ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುತ್ತದೆ ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಮ್ಮ ಆ ಸದಸ್ಯರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಎದ್ದು ನಿಂತು ಹೇಳಿದ್ದು ಇಷ್ಟೇ: ನನಗಾಗಿ ತಂಗುಮನೆ ಬಿಡಬೇಡಿ, ನಾನು ಹೆಸರು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಆ ಕಲಂ ತೆಗೆಯಿರಿ, ನನ್ನ ನಂತರ ಬರುವವರು ಅದನ್ನು ಓದಬಾರದು.

ಕಲಂ ತಿದ್ದುಪಡಿಗೆ 33 ಮತ ಬಂತು, ವಿರೋಧ 7. ರಾಜೀನಾಮೆ ಕೊಟ್ಟವರನ್ನು ಬಿಟ್ಟು 40 ಜನ ಇದ್ದೆವು. ಎರಡು ಸ್ಥಾನ ಮೀಸಲಿಡುವುದೂ ಪಾಸಾಯಿತು. ಒಬ್ಬರೇ ಎಷ್ಟು ಅವಧಿ ಅಧ್ಯಕ್ಷರಾಗಿರಬಹುದು ಅನ್ನುವ ಮಿತಿ ಮಾತ್ರ ಬಿದ್ದುಹೋಯಿತು, 18ಕ್ಕೆ 22. ಅದನ್ನು ಮುಂದಿನ ವರ್ಷ ಮತ್ತೆ ತರುತ್ತೇನೆ. ಅಧ್ಯಕ್ಷರು ವಿರೋಧವಾಗಿ ಮತ ಹಾಕಿ, ಕೊನೆಗೆ ನಡಾವಳಿಯ ಪ್ರತಿ ಪುಟಕ್ಕೂ ತಾವೇ ಸಹಿ ಹಾಕಿದರು. ವಿದೇಶದ ದಾನಿಗೆ ಇದ್ದ ವಿಷಯ ಇದ್ದಂತೆ ಬರೆದು ಕಳಿಸಿದ್ದೇವೆ. ಉತ್ತರ ಬಂದಿಲ್ಲ.

ತಿದ್ದುಪಡಿ ನೋಂದಣಿ ಆದ ಮೇಲೆಯೇ ಚುನಾವಣೆ ಅಂತ ತೀರ್ಮಾನ ಆಗಿದೆ. ನಿನ್ನೆ ಫೈಲು ಕೊಟ್ಟು ಬಂದೆ. ಇವತ್ತು ವಾಪಸ್ ಬಂತು. ಹಳೇ ಕಲಂ, ಹೊಸ ಕಲಂ ಎದುರೆದುರು ಬರೆದು ತನ್ನಿ ಅಂದರು. ಇದಕ್ಕೆ ಏನಾದರೂ ನಮೂನೆ ಇದೆಯಾ?

ಲೆಕ್ಕದ ಮನೆ · ಅದೇ ಸಂಜೆ

ಮೂರು ಕಾಲಂ ಮಾಡಿ ಮೇಡಂ. ಈಗಿರುವ ಕಲಂ, ತಿದ್ದಿದ ಕಲಂ, ತಿದ್ದಲು ಕಾರಣ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರ ಸಹಿ, ಸಂಘದ ಸೀಲು. ನೋಟಿಸಿನ ಪ್ರತಿ, ಹಾಜರಿ ಸಹಿ, ನಡಾವಳಿಯ ದೃಢೀಕರಿಸಿದ ಪ್ರತಿ ಜೊತೆಗಿಡಿ. ವಾಚನಾಲಯ, ಕ್ರೀಡಾಕೂಟದ ಕಲಂಗಳನ್ನು ಈ ಸಲ ಮುಟ್ಟಬೇಡಿ, ಸಭೆಯಲ್ಲಿ ಅದಕ್ಕೆ ಠರಾವು ಆಗಿಲ್ಲ.

ಹೊಸ ಕಾರ್ಯದರ್ಶಿ · ಅದೇ ರಾತ್ರಿ

ಸರಿ. ಕಾರಣದ ಕಾಲಂ ಬರೆಯಲು ನಮ್ಮ ಆ ಸದಸ್ಯರನ್ನೇ ಕರೆದಿದ್ದೇನೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ.